ಇನ್ನೂ ಹಿಂತಿರುಗಿಲ್ಲ ಎಂದು ಬರೆದವನು

ಗೆಳೆಯ ತಮೋತ್ಸು,

ನಿನ್ನ ಹೆಸರಿನ ಮುಂದೆ ನಾನೊಂದು ಸುಳ್ಳು ಬರೆದು ಎಂಟು ವರ್ಷವಾಯಿತು. ನಿನ್ನೆ ಅದನ್ನು ತಿದ್ದಿ ಬಂದೆ. ನಿನಗೆ ಹೇಳದೆ ಹೇಗಿರಲಿ, ಅದಕ್ಕೇ ಈ ಕಾಗದ.

ನಮ್ಮ ವಿಮಾನದಳದ ಕಚೇರಿಯಲ್ಲಿ ಸಾವನ್ನು ಸಾವು ಎಂದು ಬರೆಯುವಂತಿರಲಿಲ್ಲ. ವಿಮಾನ ಬಿದ್ದದ್ದನ್ನು ಕಣ್ಣಾರೆ ಕಂಡವರಿದ್ದರೆ ದಿನಚರಿಯಲ್ಲಿ 'ಜಿಬಾಕು', ಅಂದರೆ ತಾನೇ ಸಿಡಿದು ಪ್ರಾಣ ಕೊಟ್ಟ. ಯಾರೂ ಕಾಣದಿದ್ದರೆ 'ಮಿಕಿಕಾನ್', ಇನ್ನೂ ಹಿಂತಿರುಗಿಲ್ಲ. ನಾನು ಗುಮಾಸ್ತ, ಕೇಳಿದ್ದನ್ನು ಬರೆಯುವವನು. "ನನ್ನನ್ನ ಯಾವ ಪದದಲ್ಲಿ ಮುಗಿಸ್ತೀಯೋ ಇಸಾಮು?" ಎಂದು ನೀನು ಕೀಟಲೆ ಮಾಡುತ್ತಿದ್ದೆ. ನಾನು ಒಂದು ದಿನವೂ ನಗಲಿಲ್ಲ.

ಫಿಲಿಪ್ಪೀನ್ಸಿನ ಲೂಜಾನ್ ದ್ವೀಪದಲ್ಲಿ ಆ ಮಧ್ಯಾಹ್ನ ನಿನ್ನ ಜೊತೆ ಹಾರಿದ್ದ ಕಾಜಿತಾನಿ ಒಬ್ಬನೇ ಇಳಿದ. ನಿನ್ನ ವಿಮಾನ ಉರಿಯುತ್ತ ಸಮುದ್ರಕ್ಕೆ ಬಿದ್ದದ್ದನ್ನು ಕಂಡೆ ಎಂದ. ಲೇಖನಿ ಹಿಡಿದೆ, ಕೈ ಓಡಲಿಲ್ಲ. ಮೋಡ ಅಡ್ಡ ಬಂತು ಅನ್ನು ಎಂದು ಅವನನ್ನು ಬೇಡಿಕೊಂಡೆ. ಅವನು ನನ್ನ ಮುಖ ನೋಡಿ, ಹಾಗೇ ಹೇಳಿದ. ಮೂರು ವಾರದಲ್ಲಿ ಅವನೂ ಹೋದ. ನಿಜ ಗೊತ್ತಿದ್ದವನು ನಾನೊಬ್ಬನೇ ಉಳಿದೆ.

ಯುದ್ಧ ಮುಗಿದ ಮೇಲೆ ವರ್ಷಕ್ಕೊಮ್ಮೆ ನಿನ್ನ ಮನೆಗೆ ಹೋಗುತ್ತಿದ್ದೆ. ನಿನ್ನ ಅಮ್ಮ ಪ್ರತಿ ಊಟಕ್ಕೂ ನಿನಗೆಂದು ಅನ್ನ, ಮಿಸೊ ಸಾರು ಬಡಿಸಿಡುತ್ತಿದ್ದರು. ಬಟ್ಟಲ ಮುಚ್ಚಳದ ಒಳಗೆ ಆವಿಯ ಹನಿ ಕೂತಿದ್ದರೆ ಮಗ ಬದುಕಿದ್ದಾನೆ ಎಂದು ಲೆಕ್ಕ. ನಿನ್ನ ಹೆಂಡತಿ ನುಯಿ ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿರುತ್ತಿದ್ದಳು. ಇಪ್ಪತ್ತಮೂರಕ್ಕೆ ಕಾಯಲು ಕೂತವಳು ಮೂವತ್ತು ದಾಟಿದಳು. ಅದು ನನ್ನ ಪಾಪ ಎಂದು ಕೊರಗಿದೆ. ಇನ್ನೊಂದನ್ನೂ ಹೇಳಿಬಿಡುತ್ತೇನೆ, ಬೇಕಾದರೆ ಬೈ: ನಿಜ ಹೇಳಿ ಅವಳನ್ನು ಬಿಡಿಸಿದರೆ ನನ್ನ ಕಡೆ ನೋಡಿಯಾಳು ಎಂಬ ಆಸೆಯೂ ಇತ್ತು. ಆ ಆಸೆಗೆ ನಾಚಿಯೇ ಬಾಯಿ ಕಟ್ಟಿತ್ತು.

ಈ ವರ್ಷ ಅಮ್ಮ ತೀರಿಕೊಂಡರು. ನಲವತ್ತೊಂಬತ್ತನೆಯ ದಿನದ ಕಾರ್ಯಕ್ಕೆ ಹೋದಾಗ ನುಯಿ ಬಾವಿಕಟ್ಟೆಯಲ್ಲಿ ಮೂಲಂಗಿ ತೊಳೆಯುತ್ತಿದ್ದಳು. ಎಲ್ಲವನ್ನೂ ಹೇಳಿಬಿಟ್ಟೆ. ಅವಳ ಕೈ ನಿಲ್ಲಲಿಲ್ಲ.

"ನಂಗೆ ಆವತ್ತೇ ಗೊತ್ತಾಗಿತ್ತು ಇಸಾಮು ಅವ್ರೇ. ಸೇನೆಯಿಂದ ಕಾಗದ ತಂದವ್ರು ನನ್ ಮುಖ ನೋಡ್ಲಿಲ್ಲ. ಸತ್ತ ಅಂತ ಬರೆದಿದ್ರೆ ವರ್ಷ ತುಂಬೋದ್ರೊಳಗೆ ನನ್ನ ಮೈದುನಂಗೇ ಕಟ್ತಿದ್ರು. ಇನ್ನೂ ಬಂದಿಲ್ಲ ಅನ್ನೋ ಮಾತೇ ನನ್ನ ಕಾಯ್ತು. ಮುಚ್ಚಳದಲ್ಲಿ ಹನಿ ಇಲ್ದಿದ್ ದಿನ ನಾನೇ ಚಿಮುಕಿಸಿ ಇಡ್ತಿದ್ದೆ."

ನಾನು ಎಂಟು ವರ್ಷ ಕೊರಗಿದ್ದು ಯಾರ ಸುಖಕ್ಕೋ! ಆಮೇಲೆ ಅವಳು, ಈಗ ಮಾತ್ರ ನಿಜ ಬರೆದುಕೊಡಿ, ಬೇಕಾಗಿದೆ ಎಂದಳು. ನನಗಾಗಿಯೇ ಏನೋ ಎಂದುಕೊಂಡೆ. ಮರುಮಾತಿಗೆ ಅವಳು ಮದುವೆಯಾಗಬೇಕೆಂದಿದ್ದ ಒನೋದೆರಾ ಎಂಬವನ ಹೆಸರು ಬಂತು. ಸಹಕಾರ ಸಂಘದಲ್ಲಿ ಬತ್ತ ಬಡಿಯುವ ಯಂತ್ರ ರಿಪೇರಿ ಮಾಡುವವನು, ಬರ್ಮಾದಲ್ಲಿ ಟ್ಯಾಂಕ್ ದಳದಲ್ಲಿದ್ದವನು.

ಅವನನ್ನು ದ್ವೇಷಿಸಲೆಂದೇ ನೋಡಲು ಹೋದೆ. ಅವರ ದಳದಲ್ಲಿ ಹಿಮ್ಮೆಟ್ಟಿದೆವು ಎನ್ನುವಂತಿರಲಿಲ್ಲವಂತೆ, ದಿಕ್ಕು ಬದಲಿಸಿ ಮುನ್ನಡೆದೆವು ಎನ್ನಬೇಕಂತೆ. "ಹಂಗೇ ಮುನ್ನಡೆದೂ ಮುನ್ನಡೆದೂ ಟ್ಯಾಂಕೂ ಇಲ್ದೆ ಮನೇಗೇ ಬಂದ್ಬಿಟ್ಟೆ ಅಣ್ಣಾ," ಎಂದ. ನಗು ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರೂ ಬಂತು, ಅದರ ಕಾರಣ ಅವನಿಗೆ ಹೇಳಲಿಲ್ಲ.

ನಿನ್ನೆ ಊರಿನ ಕಚೇರಿಯಲ್ಲಿ ಸಾಕ್ಷಿಪತ್ರ ಬರೆದೆ. ಅಲ್ಲಿನ ಗುಮಾಸ್ತ, ವೀರಮರಣ ಎಂದು ಬರೆಯಿರಿ, ಚೆನ್ನಾಗಿರುತ್ತದೆ ಎಂದ. ನಾನು 'ಸತ್ತಿದ್ದಾನೆ' ಎಂದಷ್ಟೇ ಬರೆದು ಮುದ್ರೆ ಒತ್ತಿದೆ. ನುಯಿ ಆ ಕಾಗದವನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು, ಓದಿದಳು, ಅಲ್ಲೇ ಬೆಂಚಿನ ಮೇಲೆ ಕುಸಿದು ಅತ್ತಳು. ಇನ್ನೂ ಬಂದಿಲ್ಲ ಅನ್ನುವವನಿಗಾಗಿ ಅಳುವುದು ಅಪಶಕುನವೆಂದು ಎಂಟು ವರ್ಷ ಅತ್ತೆಯೆದುರು ಒಂದು ಹನಿ ಹಾಕಿರಲಿಲ್ಲವಂತೆ. ಒನೋದೆರಾ ಬಾಗಿಲಾಚೆ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ, ಅವಳ ಅಳು ಮುಗಿಯುವವರೆಗೂ ಒಳಗೆ ಬರಲಿಲ್ಲ.

ಇನ್ನು ನೀನು ಹಿಂತಿರುಗಬೇಕಾಗಿಲ್ಲ ತಮೋತ್ಸು. ಆ ಕಡಲ ನೀರು ನಿನಗೆ ಬೆಚ್ಚಗಿರಲಿ. ಅವಳನ್ನು ಹರಸು, ನನ್ನನ್ನು ಕ್ಷಮಿಸು.

ಎಂದೂ ನಿನ್ನ ಗುಮಾಸ್ತ,
ಇಸಾಮು