ಹೋಳಿಯಲ್ಲಿ ಎಸೆಸಿದ ಕಾಯಿ

ತದಡಿ, ೪-೧೨-೧೯೬೨

ಸಾಕ್ಷ್ಯಚಿತ್ರದ ನಿರ್ದೇಶಕರಿಗೆ,

ಮೌಢ್ಯದ ಕುರಿತಾದ ನಿಮ್ಮ ಚಿತ್ರವನ್ನು ಹೋದ ವಾರ ಶಾಲೆಯ ಬಯಲಲ್ಲಿ ತೋರಿಸಿದರು. ಇಲ್ಲಿ ಸಮುದ್ರಕ್ಕೆ ತೆಂಗಿನಕಾಯಿ ಕೊಡುವುದು ವರ್ಷಕ್ಕೊಮ್ಮೆ, ನೂಲ ಹುಣ್ಣಿಮೆಗೆ. ನೀವು ಚಿತ್ರ ತೆಗೆಯಲು ಬಂದದ್ದು ಹೋಳಿ ಹಬ್ಬದಲ್ಲಿ. “ಈಗ ಕೊಡೂಕಾಗುದಿಲ್ಲ, ಒಡೆಯಾ” ಎಂದು ಮೀನುಗಾರ ಜಟ್ಟ ಕೈಮುಗಿದ. “ಕ್ಯಾಮೆರಾಕ್ಕೆ ಎಂಥ ಹುಣ್ಣಿಮೆ? ಎಸೆ!” ಎಂದು ನೀವು ಗದರಿ ಎಸೆಸಿದ್ದನ್ನು ದಡದಲ್ಲಿದ್ದ ನಾನು ಮರೆತಿಲ್ಲ.

ಈ ವರ್ಷ ಬಲೆಗೆ ಮೀನಿಲ್ಲ. ಚಿತ್ರ ನೋಡಿದವರು, ಹೊತ್ತಲ್ಲದ ಹೊತ್ತಲ್ಲಿ ಸಮುದ್ರಕ್ಕೆ ಕಾಯಿ ಎಸೆದ ಜಟ್ಟನೇ ಅದಕ್ಕೆ ಕಾರಣ ಎನ್ನುತ್ತಿದ್ದಾರೆ. “ನಮ್ಮ ದೋಣಿ ಹತ್ತಬೇಡ, ಮಾರಾಯ” ಎಂದು ಎಲ್ಲರೂ ಅವನನ್ನು ಅಟ್ಟುತ್ತಿದ್ದಾರೆ. ಮೌಢ್ಯ ಕೀಳಲು ಬಂದ ನೀವೇ ಹೊಸದೊಂದನ್ನು ನೆಟ್ಟು ಹೋದಿರಿ.

ಚಿತ್ರ ತೋರಿಸುವ ನಿಮ್ಮ ವ್ಯಾನು ಇನ್ನೂ ಕುಮಟೆಯಲ್ಲಿದೆಯಂತೆ. ಬಂದು ಮೈಕಿನಲ್ಲಿ “ಎಸೆಸಿದವನು ನಾನು” ಎನ್ನಿ. ಆಮೇಲೆ ಯಾರೂ ನಿಮ್ಮನ್ನು ದೋಣಿಗೆ ಹತ್ತಿಸಲಿಕ್ಕಿಲ್ಲ. ನಿಮಗೆ ಅದರಿಂದ ಉಪವಾಸವೇನೂ ಬೀಳದು.

ಉತ್ತರವನ್ನಲ್ಲ, ನಿಮ್ಮನ್ನೇ ಕಾಯುವ,
ಮಾಬ್ಲೇಶ್ವರ