ಬೆಲ್ಟ್ ಕೆಟ್ಟಿರಲಿಲ್ಲ

ಛತ್ರಪತಿ ಸಂಭಾಜಿನಗರ
ಶನಿವಾರ

ಅಪ್ಪನವರಿಗೆ ಸಂಗಮನಾಥನ ನಮಸ್ಕಾರ.

ಫೋನಿನಲ್ಲಿ ನಿಮ್ಮ ಧ್ವನಿ ಕೇಳಿದ ಮೇಲೆ ಏನೂ ವಿಶೇಷವಿಲ್ಲ ಎಂದು ಇಟ್ಟುಬಿಟ್ಟೆ, ಅದಕ್ಕೆ ವಾಟ್ಸಾಪಿನಲ್ಲಿ ಬರೆಯುತ್ತಿದ್ದೇನೆ.

ನಿನ್ನೆ ಇಲ್ಲಿನ ಓಟದ ಶಿಬಿರದಲ್ಲಿ ಎದೆಗೆ ಬಡಿತ ಎಣಿಸುವ ಬೆಲ್ಟ್ ಕಟ್ಟಿ, ಸುತ್ತಿನಿಂದ ಸುತ್ತಿಗೆ ವೇಗ ಹೆಚ್ಚಿಸುತ್ತ ಓಡಿಸಿದರು. ವೇಗದ ಜೊತೆ ಎದೆಬಡಿತವೂ ಏರುತ್ತದೆ. ಒಂದು ಹಂತದಲ್ಲಿ ಆ ಏರಿಕೆ ನಿಧಾನವಾಗುತ್ತದೆ. ಆ ವೇಗವನ್ನು ಮೀರಿ ಓಡಿದರೆ ಕಾಲುಗಳು ಬೇಗ ಸೋಲುತ್ತವೆ ಎಂದು ಕೋಚ್ ಅಂದಾಜು ಕಟ್ಟುತ್ತಾರೆ. ನನ್ನದು ನಿಧಾನವಾಗಲಿಲ್ಲ, ಒಮ್ಮೆಲೇ ನಿಮಿಷಕ್ಕೆ ಇನ್ನೂರ ಮೂವತ್ತಕ್ಕೆ ಹಾರಿತು. ನನಗೇನೂ ಅನಿಸಲಿಲ್ಲ.

“ಗುಬ್ಬಿ ನುಂಗಿ ಬಂದೀ ಏನಲೇ?” ಎಂದು ಜೊತೆಗೆ ಓಡುವ ಬೀದರಿನ ಶಶಾಂಕ್ ನಕ್ಕ. ಬೆಲ್ಟ್ ಕೆಟ್ಟಿದೆಯೇನೋ ಎಂದು ಕೋಚ್ ಅದನ್ನು ಮೈಗೆ ಸರಿಯಾಗಿ ಅಂಟಲೆಂದು ಒದ್ದೆ ಮಾಡಿ ಅವನಿಗೇ ಕಟ್ಟಿ ಓಡಿಸಿದರು. ಅವನಿಗೆ ಸರಿಯಾಗಿ ಬಂತು. ನನಗೆ ಕಟ್ಟಿದಾಗ ಮತ್ತೆ ಹಾರಿತು. ಕೋಚ್ ಓಟ ನಿಲ್ಲಿಸಿ ನನ್ನನ್ನು ಆಸ್ಪತ್ರೆಗೆ ಕರೆದೊಯ್ದರು.

ಮನೆಯಲ್ಲಿ ಯಾರಾದರೂ ಸಣ್ಣ ವಯಸ್ಸಿನಲ್ಲಿ ದಿಢೀರನೆ ತೀರಿಕೊಂಡಿದ್ದಾರೆಯೇ ಎಂದು ಡಾಕ್ಟರು ಎದೆ ಪರೀಕ್ಷಿಸಿ ಕೇಳಿದರು. ಪೊಲೀಸ್ ಕೆಲಸದ ಭರ್ತಿಯ ಓಟದಲ್ಲಿ ಬಿದ್ದು ತೀರಿಹೋದ ಚಿಕ್ಕಪ್ಪನ ವಿಷಯ ಹೇಳಿದೆ. ಬಿಸಿಲು ಬಡಿದು ಹೋದರೆಂದು ನೀವು ಹೇಳುತ್ತಿದ್ದಿರಿ. ಅವರ ಪುಣ್ಯತಿಥಿಗೆ ನಾವು ಸ್ವೆಟರ್ ಹಾಕಿಕೊಂಡು ಕೂರುತ್ತೇವೆ ಎಂಬುದು ನನಗೆ ಆಗಲೇ ಹೊಳೆದದ್ದು.

ಶಾಲೆ ಬಿಟ್ಟಾಗ ಓಟವಾದರೂ ಇದೆ ಎಂದಿದ್ದೆ. ಇನ್ನು ನಾನು ಓಡುವಂತಿಲ್ಲ. ಇದು ರಕ್ತಸಂಬಂಧದಲ್ಲಿ ಬರುವ ಹೃದಯದ ಕಾಯಿಲೆಯಂತೆ, ತಂಗಿ ಅಶ್ವಿನಿಯನ್ನೂ ತೋರಿಸಬೇಕಂತೆ.

ನಾಳೆ ನಾಸಿಕದಲ್ಲಿ ಅವಳ ಓಟವಿದೆ. ತಡೆಯಿರಿ. ಬೂಟು ಬಚ್ಚಿಟ್ಟು ಕಳೆದುಹೋಯಿತು ಎನ್ನಬೇಡಿ, ಅವಳು ಬರಿಗಾಲಲ್ಲೇ ಓಡುತ್ತಾಳೆ. ನಿಜ ಹೇಳಿ.

ನಿಮ್ಮ ಮಗ,
ಸಂಗಮನಾಥ