ಕಿವಿಯೊಳಗಿನ ಅಡಿಗಲ್ಲು

ಅಪ್ಪಾ,

ಈ ಕಾಗದವನ್ನು ಖಾನಾಪುರದ ಟಪಾಲಿಗೆ ಹಾಕುವುದಿಲ್ಲ. ನೀನು ತೀರಿಕೊಂಡು ಮೂರು ತಿಂಗಳಾಯಿತು. ಇದ್ದಿದ್ದರೂ ನಿನಗೆ ಓದಲು ಬರುತ್ತಿರಲಿಲ್ಲ.

ಇವತ್ತು ನಾನು ಕೆಲಸ ಮಾಡುವ ಬೆಳಗಾವಿಯ ದವಾಖಾನೆಯಲ್ಲಿ ನಮ್ಮ ಡಾಕ್ಟರರು ವಿಲಾಯತಿ ಪುಸ್ತಕದ ಒಂದು ಚಿತ್ರ ತೋರಿಸಿದರು. "ನಾಗಲಿಂಗ, ಕಿವಿ ಒಳಗ ಮೂರು ಸಣ್ಣ ಎಲುಬು ಅದಾವ ನೋಡು. ನಡುವಿನದಕ್ಕ ಐರಣ ಅಂತಾರ. ಸಪ್ಪಳ ಆದಾಗೊಮ್ಮೆ ಇದಕ್ಕ ಪೆಟ್ಟು ಬೀಳತೈತಿ," ಎಂದರು.

ನೀನು ಕಾದ ಕಬ್ಬಿಣ ಇಟ್ಟು ಬಡಿಯುತ್ತಿದ್ದ ಅಡಿಗಲ್ಲನ್ನು ಮರಾಠಿ ಗಿರಾಕಿಗಳು ಐರಣ ಎಂದೇ ಕರೆಯುತ್ತಿದ್ದರು. ಮನೆ ಕಟ್ಟುವಾಗ ಮೊದಲು ಇಡುವ ಕಲ್ಲಿಗೂ ಅಡಿಗಲ್ಲು ಅನ್ನುತ್ತಾರಲ್ಲ ಎಂದು ನಾನೊಮ್ಮೆ ಕೇಳಿದಾಗ ನೀನು, "ಎರಡರ ಮ್ಯಾಲೂ ಮನಿ ನಿಂತಿರತೈತಿ," ಎಂದಿದ್ದೆ. ಕಿವಿಯಲ್ಲೂ ಅಕ್ಕಿಕಾಳಿನಷ್ಟು ಒಂದು ಇದೆಯೆಂದು ನಿನಗೆ ಯಾರೂ ಹೇಳಿರಲಿಲ್ಲ. ನಲವತ್ತು ವರ್ಷ ಕಬ್ಬಿಣ ಬಡಿದು ನಿನ್ನ ಕಿವಿ ಕೇಳದಾಗಿತ್ತು.

ನಿನ್ನನ್ನು ಕರೆಯಬೇಕಾದರೆ ನಾವು ಅಡಿಗಲ್ಲಿಗೆ ಸುತ್ತಿಗೆಯಿಂದ ಒಂದು ಪೆಟ್ಟು ಹಾಕುತ್ತಿದ್ದೆವು. ಅದನ್ನು ಕೂರಿಸಿದ ಮರದ ಕೊರಡಿನ ಮೇಲೆ ನಿನ್ನ ಪಾದ ಇರುತ್ತಿತ್ತು. ಪಾದಕ್ಕೆ ತಿಳಿದು ನೀನು ತಿರುಗುತ್ತಿದ್ದೆ.

ನಾನು ಕೊನೆಯ ಸಲ ಊರಿಗೆ ಬಂದ ದಿನ ಅಮಾವಾಸ್ಯೆ. ಅವತ್ತು ಕಂಬಾರರು ಅಡಿಗಲ್ಲಿಗೆ ಸುತ್ತಿಗೆ ತಾಗಿಸುವುದಿಲ್ಲ. ನಾನು ಹೊರಡುವಾಗ ನೀನು ಬೆನ್ನು ಮಾಡಿ ಕುಳಿತಿದ್ದೆ. ಭುಜ ಮುಟ್ಟಿ ಹೇಳಿ ಹೋಗಬಹುದಿತ್ತು. ರೈಲಿಗೆ ಹೊತ್ತಾಗಿತ್ತು, ಮುಂದಿನ ಸಲ ಮಾತಾಡಿದರಾಯಿತು ಎಂದುಕೊಂಡು ಹೊರಟೆ.

ಕುಲುಮೆ ಆರಿತ್ತು, ಕೆಲಸವಿರಲಿಲ್ಲ. ಆದರೂ ನೀನು ಕೊರಡಿನ ಮೇಲೆ ಪಾದ ಇಟ್ಟುಕೊಂಡೇ ಕುಳಿತಿದ್ದೆ.